ಎರಡು ಗ್ರಾಂ ಅದಿರು

1909ರ ಜುಲೈ 2, ಶುಕ್ರವಾರ. ಜರ್ಮನಿಯ ಕಾರ್ಲ್ಸ್‌ರೂಹೆ ನಗರದ ತಾಂತ್ರಿಕ ಕಾಲೇಜು. ಪ್ರಯೋಗಶಾಲೆಯೊಳಗೆ ಕಾಲಿಟ್ಟ ಕೂಡಲೇ ಕಿವಿಗೆ ಬೀಳುವುದು ಪಂಪಿನ ಸದ್ದು. ಬಿಡುವಿಲ್ಲದೆ, ಒಂದೇ ಲಯದಲ್ಲಿ ಬಡಿಯುತ್ತಿದೆ. ಎದುರಿಗೆ ಮುಕ್ಕಾಲು ಮೀಟರಿನಷ್ಟು ಎತ್ತರದ ಉಕ್ಕಿನ ಕಂಬ. ಅದರ ಸುತ್ತ ದಪ್ಪ ಬೋಲ್ಟುಗಳು, ಸಣ್ಣ ಕೊಳವೆಗಳು, ಒತ್ತಡದ ಮಾಪಕ. ತೀರ ಹತ್ತಿರ ಹೋಗಬೇಡಿ. ಕಂಬದೊಳಗಿನ ಅನಿಲದ ಒತ್ತಡ ನೀವು ಉಸಿರಾಡುತ್ತಿರುವ ಗಾಳಿಯದಕ್ಕಿಂತ ಸುಮಾರು 175 ಪಟ್ಟು ಹೆಚ್ಚು. ಶಾಖ 500 ಡಿಗ್ರಿ ದಾಟಿದೆ.

ಹೇಳಿದ ಹೊತ್ತಿಗೆ ಪ್ರಯೋಗ ಶುರುವಾಗಲಿಲ್ಲ. ಬಿಗಿ ಮಾಡುವಾಗ ಒಂದು ಬೋಲ್ಟು ಮುರಿಯಿತು. ಇದನ್ನು ನೋಡಲೆಂದೇ ಲುಡ್ವಿಗ್ಸ್‌ಹಾಫೆನ್ನಿನ ಬಣ್ಣದ ಕಾರ್ಖಾನೆ ಬಿಎಎಸ್‌ಎಫ್‌ನಿಂದ ಬಂದಿದ್ದ ಮುಖ್ಯ ಅತಿಥಿ ಕಾರ್ಲ್ ಬಾಶ್ ಅವರಿಗೆ ದುರಸ್ತಿಯವರೆಗೆ ಕಾಯುವ ಪುರಸೊತ್ತಿರಲಿಲ್ಲ, ಹೊರಟುಹೋದರು. ಉಳಿದ ಅತಿಥಿಗಳು ಇಬ್ಬರು. ಒಬ್ಬರು ಕಾರ್ಖಾನೆಯ ಮೆಕ್ಯಾನಿಕ್ ಕ್ರಾನ್ಸ್. ಇನ್ನೊಬ್ಬರು ಮೂವತ್ತೊಂಬತ್ತರ ರಸಾಯನ ವಿಜ್ಞಾನಿ ಆಲ್ವಿನ್ ಮಿಟ್ಟಾಶ್. ಇವರ ಮೇಲೆ ಒಂದು ಕಣ್ಣಿಟ್ಟಿರಿ. ಈ ಕೋಣೆಯಲ್ಲಿ ಎಲ್ಲರ ದೃಷ್ಟಿ ಇರುವುದು ಪ್ರೊಫೆಸರ್ ಫ್ರಿಟ್ಸ್ ಹೇಬರ್ ಅವರ ಮೇಲೆ. ಹೈಸ್ಕೂಲಿನಲ್ಲಿ ನೀವು ಬಾಯಿಪಾಠ ಮಾಡಿದ ‘ಹೇಬರ್ ವಿಧಾನ’ದ ಹೇಬರ್ ಇವರೇ. ಕವಾಟಗಳ ಬಳಿ ಬಾಗಿ ನಿಂತಿರುವ ಇಪ್ಪತ್ತೈದರ ತರುಣ ಇಂಗ್ಲಿಷ್ ಕಾಲುವೆಯ ಜರ್ಸಿ ದ್ವೀಪದವರು, ರಾಬರ್ಟ್ ಲ ರಾಸಿನ್ಯೋಲ್. ಇಷ್ಟು ಒತ್ತಡವನ್ನು ಸೋರದಂತೆ ತಡೆಯುವ ಕವಾಟವನ್ನು ರೂಪಿಸಿದ್ದು ಅವರೇ. ಅವರಿಲ್ಲದಿದ್ದರೆ ಹೇಬರ್ ಅವರ ಲೆಕ್ಕಾಚಾರ ಕಾಗದ ಬಿಟ್ಟು ಏಳುತ್ತಿರಲಿಲ್ಲ.

ಉಕ್ಕಿನ ಕಂಬದೊಳಗೆ ನಡೆಯುತ್ತಿರುವುದು ಹೇಳಲು ಸುಲಭ. ಒಂದು ಪಾಲು ಸಾರಜನಕ, ಮೂರು ಪಾಲು ಜಲಜನಕ. ಎರಡೂ ಕಾದ ಲೋಹದ ಪುಡಿಯ ಮೇಲೆ ಹಾದುಹೋಗುತ್ತವೆ, ಅಲ್ಲಿ ನೂರಕ್ಕೆ ಕೆಲವೇ ಪಾಲು ಅಮೋನಿಯ ಆಗುತ್ತದೆ. ಆ ಮಿಶ್ರಣ ಮುಂದೆ ಹೋಗಿ ತಂಪಾಗುತ್ತದೆ, ಅಮೋನಿಯ ದ್ರವವಾಗಿ ಕೆಳಗಿಳಿಯುತ್ತದೆ, ಮಿಕ್ಕ ಅನಿಲವನ್ನು ಪಂಪು ಮತ್ತೆ ಒಳಕ್ಕೆ ನೂಕುತ್ತದೆ. ಸುತ್ತಿ ಸುತ್ತಿ ಅದೇ ಅನಿಲ. ಕಷ್ಟವಿರುವುದು ಸಾರಜನಕದಲ್ಲಿ. ಗಾಳಿಯ ಐದರಲ್ಲಿ ನಾಲ್ಕು ಪಾಲು ಅದೇ ಆದರೂ ಅದರ ಎರಡು ಪರಮಾಣುಗಳು ಮೂರು ಬಂಧಗಳಿಂದ ಒಂದನ್ನೊಂದು ಹಿಡಿದಿವೆ, ಸುಮ್ಮನೆ ಬಿಡಿಸಿಕೊಳ್ಳುವುದಿಲ್ಲ. ಹಾಗಾಗಿಯೇ ಯೂರೋಪಿನ ಹೊಲಗಳು ಚಿಲಿಯ ಮರುಭೂಮಿಯಿಂದ ಹಡಗಿನಲ್ಲಿ ಬರುವ ನೈಟ್ರೇಟ್ ಉಪ್ಪನ್ನು ನೆಚ್ಚಿಕೊಂಡಿವೆ. ಆ ಉಪ್ಪು ಒಂದು ದಿನ ಮುಗಿಯುತ್ತದೆ, ಗೋಧಿ ಸಾಲದಾಗುತ್ತದೆ, ಗಾಳಿಯಲ್ಲಿರುವುದನ್ನು ಇಳಿಸಿಕೊಳ್ಳುವ ದಾರಿಯನ್ನು ರಸಾಯನ ವಿಜ್ಞಾನಿಗಳೇ ಹುಡುಕಬೇಕು ಎಂದು ಇಂಗ್ಲೆಂಡಿನ ವಿಲಿಯಂ ಕ್ರುಕ್ಸ್ 1898ರಲ್ಲೇ ಎಚ್ಚರಿಸಿದ್ದರು.

ಈಗ ಅಳತೆಯ ಗಾಜಿನ ಕೊಳವೆಯನ್ನು ನೋಡಿ. ಬಣ್ಣವಿಲ್ಲದ ದ್ರವ ನಿಧಾನವಾಗಿ ಏರುತ್ತಿದೆ. ಮಿಟ್ಟಾಶ್ ಅದನ್ನೇ ದಿಟ್ಟಿಸುತ್ತಿದ್ದವರು ಹೇಬರ್ ಅವರ ಕೈ ಹಿಡಿದು ಗಟ್ಟಿಯಾಗಿ ಅದುಮುತ್ತಾರೆ. ಯಂತ್ರ ಐದು ಗಂಟೆ ತಡೆಯಿಲ್ಲದೆ ಓಡುತ್ತದೆ. ಎಲ್ಲರೂ ದಣಿದು, ಹೊತ್ತೂ ಮೀರಿ, ಇನ್ನು ಓಡಿಸಿ ಹೊಸದೇನೂ ತಿಳಿಯುವುದಿಲ್ಲವೆಂದು ನಿಲ್ಲಿಸುತ್ತಾರೆ. ಮರುದಿನ ಹೇಬರ್ ಕಾರ್ಖಾನೆಗೆ ಬರೆದ ಪತ್ರದಲ್ಲಿ ಲೆಕ್ಕವಿದೆ: ನಿಮಿಷಕ್ಕೆ ಎರಡು ಘನ ಸೆಂಟಿಮೀಟರ್.

ಎರಡು ಘನ ಸೆಂಟಿಮೀಟರ್ ಅಂದರೆ ಅರ್ಧ ಚಮಚಕ್ಕೂ ಕಡಿಮೆ. ಆದರೆ ಮಿಟ್ಟಾಶ್ ಊರಿಗೆ ಮರಳುವಾಗ ತಲೆಯಲ್ಲಿ ಹೊತ್ತು ಹೋಗುವ ಚಿಂತೆ ಬೇರೆ. ಆ ಉಕ್ಕಿನ ಕಂಬದೊಳಗೆ ವೇಗವರ್ಧಕವಾಗಿ ಇದ್ದ ಲೋಹ ಆಸ್ಮಿಯಂ, ಸುಮಾರು 98 ಗ್ರಾಂ. ಆಗ ಇಡೀ ಲೋಕದಲ್ಲಿ ಕೈಗೆ ಸಿಗುವ ಆಸ್ಮಿಯಂ ಎಲ್ಲ ಸೇರಿದರೂ ಒಂದು ಕ್ವಿಂಟಲ್ಲಿನ ಆಸುಪಾಸು. ಹೇಬರ್ ಸಲಹೆಯಂತೆ ಕಾರ್ಖಾನೆ ಅದನ್ನು ಕೊಳ್ಳಲೂ ಹೊರಟಿತು. ಕೊಂಡರೂ ಏನು? ಗಾಳಿ ಸೋಕಿದರೆ ಅದು ಆವಿಯಾಗುವ ಆಕ್ಸೈಡಾಗುತ್ತದೆ, ಆ ಆವಿ ಕಣ್ಣು ಕೆಡಿಸುವ ವಿಷ. ಯುರೇನಿಯಂ ಕೂಡ ಕೆಲಸ ಮಾಡುತ್ತಿತ್ತು. ಗಾಳಿಯ ತೇವ, ಆಮ್ಲಜನಕ ತಗುಲಿದರೆ ಅದೂ ಹಾಳು. ಲೋಕಕ್ಕೆ ಗೊಬ್ಬರ ಒದಗಿಸುವ ಕಾರ್ಖಾನೆಯನ್ನು ಇಂಥ ಲೋಹಗಳ ಮೇಲೆ ಕಟ್ಟಲಾಗದು. ಅಗ್ಗದ, ಗಟ್ಟಿಯಾದ, ವರ್ಷಗಟ್ಟಲೆ ಬಾಳುವ ಇನ್ನೊಂದು ವೇಗವರ್ಧಕ ಬೇಕು. ಅದು ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಬನ್ನಿ, ರೈನ್ ನದಿಯ ದಂಡೆಯ ಲುಡ್ವಿಗ್ಸ್‌ಹಾಫೆನ್‌ಗೆ ಹೋಗೋಣ. ಅದೇ ವರ್ಷದ ಕೊನೆಯ ತಿಂಗಳುಗಳು. ಈ ಕಾರ್ಖಾನೆಗೂ ನಮ್ಮ ದೇಶಕ್ಕೂ ಹಳೆಯ ಲೆಕ್ಕವೊಂದಿದೆ. 1897ರಲ್ಲಿ ಇಲ್ಲಿಂದ ಮಾರುಕಟ್ಟೆಗೆ ಬಂದ ಕೃತಕ ನೀಲಿ ಭಾರತದ ನೀಲಿ ಬೆಳೆಯ ವ್ಯಾಪಾರವನ್ನು ಕೆಲವೇ ವರ್ಷಗಳಲ್ಲಿ ಮಲಗಿಸಿತು. ಆ ನೀಲಿಯ ಹಿಂದೆಯೂ ಒಂದು ವೇಗವರ್ಧಕ ಇತ್ತು, ಪಾದರಸ. ಒಡೆದ ಥರ್ಮಾಮೀಟರಿನಿಂದ ಅದು ಕುದಿಯುವ ಮಿಶ್ರಣಕ್ಕೆ ಚೆಲ್ಲಿ ಗುಟ್ಟು ಹೊರಬಿತ್ತು ಎಂದು ಇಲ್ಲಿನವರು ಹೇಳಿಕೊಳ್ಳುತ್ತಾರೆ. ಆಕಸ್ಮಿಕ ಇಲ್ಲಿ ಹೊಸದಲ್ಲ. ಆದರೆ ಮಿಟ್ಟಾಶ್ ಆಕಸ್ಮಿಕವನ್ನು ಕಾಯುತ್ತ ಕೂರುವ ಜಾತಿಯವರಲ್ಲ.

ಅವರ ಹಿನ್ನೆಲೆ ತುಸು ತಿಳಿದಿರಲಿ. ಸ್ಯಾಕ್ಸನಿಯ ಒಂದು ಹಳ್ಳಿಯ ಮೇಷ್ಟ್ರ ಮಗ. ಸ್ವತಃ ಶಾಲಾ ಮೇಷ್ಟ್ರಾಗಿಯೇ ಬದುಕು ಆರಂಭಿಸಿದವರು. ಲೈಪ್‌ಸಿಗ್‌ನಲ್ಲಿ ಪಾಠ ಹೇಳುತ್ತ, ಬಿಡುವಿನಲ್ಲಿ ವಿಲ್ಹೆಲ್ಮ್ ಆಸ್ಟ್ವಾಲ್ಡ್ ಅವರ ಉಪನ್ಯಾಸಗಳಿಗೆ ಹೋಗಿ ಕೂರುತ್ತ ರಸಾಯನಶಾಸ್ತ್ರಕ್ಕೆ ಬಂದರು. ಡಾಕ್ಟರೇಟ್ ಸಿಕ್ಕಾಗ ಮೂವತ್ತು ದಾಟಿತ್ತು. 1904ರಲ್ಲಿ ಬಿಎಎಸ್‌ಎಫ್ ಸೇರಿ ಬಾಶ್ ಅವರ ಕೈಕೆಳಗೆ ಸಾರಜನಕವನ್ನು ಲೋಹಗಳಿಗೆ ಹಿಡಿಸುವ ಬಗೆಗಳನ್ನು ಹುಡುಕುತ್ತ ವರ್ಷಗಳನ್ನು ಕಳೆದರು. ಆ ಹುಡುಕಾಟ ಕಾರ್ಖಾನೆಗೆ ಲಾಭ ತರಲಿಲ್ಲ. ಆದರೆ ಯಾವ ಲೋಹ ಸಾರಜನಕದೊಂದಿಗೆ ಹೇಗೆ ವರ್ತಿಸುತ್ತದೆ ಎಂಬುದು ಅವರ ಬೆರಳ ತುದಿಯಲ್ಲಿ ಕೂತಿತು.

ಪ್ರಯೋಗಶಾಲೆಯೊಳಗೆ ಬನ್ನಿ. ಗೋಡೆಯುದ್ದಕ್ಕೂ ಪುಟ್ಟ ಉಕ್ಕಿನ ಕೊಳವೆಗಳು. ಸಹೋದ್ಯೋಗಿ ಸ್ಟರ್ನ್ ಮಾಡಿಕೊಟ್ಟ ಉಪಾಯ ಇದು: ವೇಗವರ್ಧಕವನ್ನು ಚಿಕ್ಕ ಡಬ್ಬಿಯಲ್ಲಿ ತುಂಬಿ ಕೊಳವೆಯೊಳಗೆ ಇಳಿಸುವುದು, ಮುಗಿದ ಮೇಲೆ ಡಬ್ಬಿ ತೆಗೆದು ಇನ್ನೊಂದನ್ನು ಹಾಕುವುದು. ಒಂದು ಡಬ್ಬಿಗೆ ಎರಡು ಗ್ರಾಂ ಸಾಕು. ಹೇಬರ್ ಅವರ ಯಂತ್ರದಲ್ಲಿ ಹೊಸ ಪುಡಿಯೊಂದನ್ನು ಪರೀಕ್ಷಿಸಲು ಇಡೀ ದಿನ ಹಿಡಿಯುತ್ತಿತ್ತು. ಇಲ್ಲಿ ಸಾಲು ಸಾಲು ಕೊಳವೆಗಳು ಹಗಲೂ ಇರುಳೂ ಒಟ್ಟಿಗೆ ಉರಿಯುತ್ತಿವೆ. ಪುಡಿ ಮಾಡು, ತೂಗು, ತುಂಬು, ಬೋಲ್ಟು ಬಿಗಿ, ಅನಿಲ ಬಿಡು, ಕಾಯಿಸು, ಹೊರಬರುವ ಅನಿಲದಲ್ಲಿ ಅಮೋನಿಯ ಎಷ್ಟೆಂದು ಅಳೆ, ಪುಸ್ತಕದಲ್ಲಿ ಬರೆ. ಬಹುಪಾಲು ಸಾಲುಗಳಲ್ಲಿ ಬರೆಯುವುದು ಏನೂ ಇಲ್ಲ ಎಂದೇ. ಆವರ್ತ ಕೋಷ್ಟಕದಲ್ಲಿ ಕೈಗೆಟುಕುವ ಧಾತುಗಳೆಲ್ಲ ಒಂದಲ್ಲ ಒಂದು ದಿನ ಈ ಡಬ್ಬಿಗಳಿಗೆ ಇಳಿದು ಬಂದಿವೆ. ಮೂಗಿಗೆ ಅಮೋನಿಯದ ಘಾಟು ತಟ್ಟುವ ದಿನ ಒಳ್ಳೆಯ ದಿನ.

ಕಬ್ಬಿಣದ ಮೇಲೆ ಯಾರಿಗೂ ಭರವಸೆ ಇರಲಿಲ್ಲ. ಹೇಬರ್ ಅದನ್ನು ಹಿಂದೆಯೇ ನೋಡಿಬಿಟ್ಟಿದ್ದರು. ಅದರ ಕೆಲಸ ಕಳಪೆ. ಮಿಟ್ಟಾಶ್ ಕೂಡ ಶುದ್ಧ ಕಬ್ಬಿಣವನ್ನು ಹಾಕಿ ನೋಡಿದರು. ಒಂದಿಷ್ಟು ಅಮೋನಿಯ ಕೊಟ್ಟು ಸುಸ್ತಾಗುವ ಲೋಹ. ಆದರೂ ಅವರು ಕಬ್ಬಿಣವನ್ನು ಬಿಡಲಿಲ್ಲ. ಸಾರಜನಕವನ್ನು ಹಿಡಿಯುವ ಗುಣ ಅದಕ್ಕೆ ಇದೆ, ಯಾವುದೋ ಒಂದು ಜೊತೆ ಸಿಕ್ಕರೆ ಅದು ಎದ್ದು ಕೂರಬಹುದು ಎಂಬ ಗುಮಾನಿ. ಗುಮಾನಿಗೆ ಆಧಾರ ಕೇಳಿದರೆ ಹೆಚ್ಚೇನೂ ಸಿಗುತ್ತಿರಲಿಲ್ಲ.

1909ರ ನವೆಂಬರ್ ಮೊದಲ ವಾರ. ಪ್ರಯೋಗಶಾಲೆಯ ಕಪಾಟಿನಲ್ಲಿ ಬಹಳ ಕಾಲದಿಂದ ಬಿದ್ದಿದ್ದ ಒಂದು ಕಲ್ಲಿನ ಚೂರು ಸಹಾಯಕ ವೂಲ್ಫ್ ಅವರ ಕೈಗೆ ಬರುತ್ತದೆ. ಸ್ವೀಡನ್ನಿನ ಉತ್ತರ ತುದಿಯ ಯೆಲ್ಲಿವಾರೆ ಗಣಿಯ ಮ್ಯಾಗ್ನೆಟೈಟ್, ಕಪ್ಪು ಕಬ್ಬಿಣದ ಅದಿರು. ಕುಟ್ಟಿ, ಎರಡು ಗ್ರಾಂ ತೂಗಿ, ಡಬ್ಬಿಗೆ ತುಂಬುತ್ತಾರೆ. ನೀವು ಪಕ್ಕದಲ್ಲೇ ನಿಂತಿದ್ದರೂ ವಿಶೇಷ ಏನೂ ಕಾಣುವುದಿಲ್ಲ. ಇದೂ ಆ ದಿನದ ಇನ್ನೊಂದು ಡಬ್ಬಿ, ಅಷ್ಟೇ. ಅನಿಲ ಬಿಟ್ಟು ಕಾಯಿಸಿ ಅಳೆದಾಗ ಅಂಕಿ ನಂಬುವಂತಿಲ್ಲ. ಈವರೆಗೆ ನೋಡಿದ ಯಾವ ಕಬ್ಬಿಣವೂ ಇಷ್ಟು ಅಮೋನಿಯ ಕೊಟ್ಟದ್ದಿಲ್ಲ. ಕೊಟ್ಟು ಸುಸ್ತಾಗುವುದೂ ಇಲ್ಲ.

ಇದಾದ ಮೇಲೆ ನಡೆದದ್ದೇ ಮಿಟ್ಟಾಶ್ ಅವರ ನಿಜವಾದ ಕೆಲಸ ಎಂದು ನನಗನಿಸುತ್ತದೆ. ಇನ್ನೊಬ್ಬರಾಗಿದ್ದರೆ ಸ್ವೀಡನ್ನಿಗೆ ಹಡಗು ಕಳಿಸಿ ಅದಿರು ತರಿಸಿ, ಕೆಲಸ ಮುಗಿಯಿತೆಂದು ಕೈ ತೊಳೆದುಕೊಳ್ಳುತ್ತಿದ್ದರು. ಮಿಟ್ಟಾಶ್ ಬೇರೆ ಊರುಗಳ ಮ್ಯಾಗ್ನೆಟೈಟುಗಳನ್ನೂ ತರಿಸಿದರು. ಕೆಲವು ಒಳ್ಳೆಯವು, ಕೆಲವು ತೀರ ಕಳಪೆ. ಎಲ್ಲವೂ ಕಬ್ಬಿಣದ ಆಕ್ಸೈಡೇ. ಹಾಗಾದರೆ ವ್ಯತ್ಯಾಸ ಕಬ್ಬಿಣದ್ದಲ್ಲ, ಅದರೊಂದಿಗೆ ಕಲ್ಲಿನಲ್ಲಿ ಬೆರೆತು ಬಂದ ಕಸದ್ದು. ರಸಾಯನ ವಿಜ್ಞಾನಿಗೆ ಮೊದಲ ದಿನದಿಂದ ಕಲಿಸುವ ಪಾಠ ಶುದ್ಧ ಮಾಡು, ಶುದ್ಧ ಮಾಡು ಎಂಬುದು. ಇವರು ಶುದ್ಧ ಕಬ್ಬಿಣವನ್ನು ತೆಗೆದುಕೊಂಡು ಅದಕ್ಕೆ ಒಂದೊಂದೇ ಕಲ್ಮಶವನ್ನು ಲೆಕ್ಕ ಹಾಕಿ ಬೆರೆಸತೊಡಗಿದರು.

ಅಲ್ಯೂಮಿನಾ ಸ್ವಲ್ಪ ಹಾಕಿದರೆ ಉತ್ಪತ್ತಿ ಏರುತ್ತದೆ. ಪೊಟ್ಯಾಷ್ ಹಾಕಿದರೂ ಏರುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದರೆ ಇನ್ನಷ್ಟು. ಸುಣ್ಣವೂ ನೆರವಾಗುತ್ತದೆ. ಗಂಧಕ ಹಾಕಿದರೆ? ಸತ್ತುಹೋಗುತ್ತದೆ. ರಂಜಕ, ಆರ್ಸೆನಿಕ್, ಕ್ಲೋರಿನ್ ಹಾಗೆಯೇ. ಗಂಧಕಕ್ಕಂತೂ ಮೂಗಿಗೆ ತಿಳಿಯದಷ್ಟು, ಕಣ್ಣಿಗೆ ಬೀಳದಷ್ಟು ಇದ್ದರೂ ಸಾಕು. ಹೀಗೆ ಒಂದೇ ಪುಸ್ತಕದಲ್ಲಿ ಎರಡು ಪಟ್ಟಿಗಳು ಬೆಳೆದವು: ಕುಮ್ಮಕ್ಕು ಕೊಡುವವು, ವಿಷ ಹಾಕುವವು. ಕುಮ್ಮಕ್ಕಿನ ಪಟ್ಟಿ ಎಷ್ಟು ಮುಖ್ಯವೋ ವಿಷದ ಪಟ್ಟಿಯೂ ಅಷ್ಟೇ ಮುಖ್ಯ. ಹಿಂದೆ ಶುದ್ಧ ಎಂದುಕೊಂಡು ಪರೀಕ್ಷಿಸಿದ ಎಷ್ಟೋ ಕಬ್ಬಿಣಗಳು ಸೋತದ್ದು ಒಳಗಿದ್ದ ಗಂಧಕದಿಂದ ಎಂಬುದು ಆಗ ತಿಳಿಯಿತು. ಗೆಲ್ಲುವ ವೇಗವರ್ಧಕ ಒಂಟಿ ಧಾತುವಲ್ಲ, ಹಲವು ದ್ರವ್ಯಗಳ ಕೂಟ ಎಂಬ ತೀರ್ಮಾನಕ್ಕೆ ಮಿಟ್ಟಾಶ್ ಬಂದರು. ನಮ್ಮ ಕಾಲದ ಅನೇಕ ಪಠ್ಯಪುಸ್ತಕಗಳು ಈ ಇಡೀ ಅಧ್ಯಾಯವನ್ನು ‘ಕಬ್ಬಿಣ, ಜೊತೆಗೆ ಮಾಲಿಬ್ಡಿನಮ್’ ಎಂದು ಅರ್ಧ ಸಾಲಿನಲ್ಲಿ ಮುಗಿಸುತ್ತಿದ್ದವು. ಅಲ್ಯೂಮಿನಾ, ಪೊಟ್ಯಾಷ್‌ಗಳ ಹೆಸರೇ ಇರುತ್ತಿರಲಿಲ್ಲ. ಪರೀಕ್ಷೆಯಲ್ಲಿ ಅದಕ್ಕೆ ಅರ್ಧ ಅಂಕವೂ ಇತ್ತು.

1912ರ ಆರಂಭದ ಹೊತ್ತಿಗೆ ಪುಸ್ತಕದಲ್ಲಿ ಸುಮಾರು 6,500 ಪರೀಕ್ಷೆಗಳು, 2,500ರಷ್ಟು ಬೇರೆ ಬೇರೆ ಮಿಶ್ರಣಗಳು. ಉತ್ತರ ಕೈಗೆ ಬಂದು ಎರಡು ವರ್ಷವಾಗಿತ್ತು, ಪರೀಕ್ಷೆಗಳು ನಿಂತಿರಲಿಲ್ಲ. ಇದಕ್ಕಿಂತ ಒಳ್ಳೆಯದು ಇರಬಹುದಲ್ಲ ಎಂಬ ಅನುಮಾನ ಮೇಷ್ಟ್ರ ಮಗನಿಗೆ ಹೋಗಲಿಲ್ಲ. ಇಷ್ಟು ಹುಡುಕಿಯೂ ಅದಿರಿನ ದಾರಿ ಹಿಡಿದ ಆ ಮಿಶ್ರಣವನ್ನು ಮೀರಿಸುವ ಅಗ್ಗದ ದ್ರವ್ಯ ಸಿಗಲಿಲ್ಲ.

ಅತ್ತ ಬಾಶ್ ಅವರ ಕಡೆ ಬೇರೆಯೇ ಗೋಳು. ದೊಡ್ಡ ಕೊಳವೆಗಳು ಎಂಬತ್ತು ಗಂಟೆ ಓಡಿ ಸಿಡಿಯುತ್ತಿದ್ದವು. ಕಾದ ಜಲಜನಕ ಉಕ್ಕಿನೊಳಗೆ ನುಗ್ಗಿ ಅದರ ಇಂಗಾಲವನ್ನೇ ಕಿತ್ತುಕೊಳ್ಳುತ್ತಿತ್ತು; ಇಂಗಾಲ ಹೋದ ಉಕ್ಕು ಬಿರುಕು ಬಿಡುತ್ತಿತ್ತು. ಕೊನೆಗೆ ಸಿಕ್ಕ ಪರಿಹಾರ: ಒಳಗೆ ಇಂಗಾಲವಿಲ್ಲದ ಮೆದು ಕಬ್ಬಿಣದ ಪದರ, ಹೊರಗೆ ಉಕ್ಕಿನ ಕವಚ, ಒಳಪದರದಿಂದ ಸೋರಿದ ಜಲಜನಕ ಹೊರಹೋಗಲಿ ಎಂದು ಕವಚಕ್ಕೆ ಸಣ್ಣ ತೂತುಗಳು. ಇಷ್ಟು ಸರಳ. ತೂತು ಕೊರೆದರೆ ಒತ್ತಡದ ಪಾತ್ರೆ ಉಳಿಯುತ್ತದೆ ಎಂದು ಹೊಳೆಯಲು ಬಾಶ್ ಬೇಕಾಯಿತು. ಅವರ ಕಥೆ ಬೇರೆಯವರು ಬಹಳ ಸಲ ಹೇಳಿದ್ದಾರೆ, ನಾವು ಮುಂದೆ ನಡೆಯೋಣ.

1913ರ ಸೆಪ್ಟೆಂಬರ್, ಒಪ್ಪಾವ್. ಲುಡ್ವಿಗ್ಸ್‌ಹಾಫೆನ್ನಿನ ಪಕ್ಕದ ಹಳ್ಳಿ. ಹೊಲಗಳ ನಡುವೆ ಇಟ್ಟಿಗೆಯ ಕಟ್ಟಡಗಳು, ಅನಿಲ ತುಂಬಿದ ದೈತ್ಯ ಟ್ಯಾಂಕುಗಳು, ಕಂಪ್ರೆಸರುಗಳ ಸದ್ದಿಗೆ ಕಾಲಡಿಯ ನೆಲ ಅದುರುತ್ತಿದೆ. ಒಳಗೆ ಹೋಗುವುದು ಕಲ್ಲಿದ್ದಲಿನ ಕೋಕು, ನೀರು, ಗಾಳಿ. ಹೊರಬರುವುದು ಗೊಬ್ಬರ. ಕೋಕಿನಿಂದ ತೆಗೆದ ಅನಿಲದಲ್ಲಿ ಗಂಧಕ ತುಂಬಿರುತ್ತದೆ. ಅದನ್ನು ತೊಳೆದು ತೆಗೆಯಲು ಇಷ್ಟೆಲ್ಲ ಗೋಪುರಗಳು. ಮಿಟ್ಟಾಶ್ ಅವರ ವಿಷದ ಪಟ್ಟಿ ಇಲ್ಲಿ ಇಟ್ಟಿಗೆ, ಉಕ್ಕಾಗಿ ನಿಂತಿದೆ. ಮರುವರ್ಷ ಇಲ್ಲಿನ ಉತ್ಪಾದನೆ ದಿನಕ್ಕೆ 20 ಟನ್ನಿನಷ್ಟಾಯಿತು. ಕಾರ್ಲ್ಸ್‌ರೂಹೆಯ ಅರ್ಧ ಚಮಚದಿಂದ ಇಲ್ಲಿಗೆ ಬರಲು ಹಿಡಿದದ್ದು ಐದೇ ವರ್ಷ.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಬ್ರಿಟಿಷ್ ನೌಕಾಪಡೆ ಚಿಲಿಯ ದಾರಿಯನ್ನು ಕತ್ತರಿಸಿತು. ನೈಟ್ರೇಟ್ ಇಲ್ಲದೆ ಗೊಬ್ಬರವಿಲ್ಲ, ಮದ್ದುಗುಂಡೂ ಇಲ್ಲ. ಅಮೋನಿಯವನ್ನು ನೈಟ್ರಿಕ್ ಆಮ್ಲ ಮಾಡಿಕೊಡುವುದಾಗಿ ಬಾಶ್ ಸೇನೆಗೆ ಮಾತು ಕೊಟ್ಟರು. ಅದಕ್ಕೆ ಬಳಕೆಯಲ್ಲಿದ್ದ ವೇಗವರ್ಧಕ ಪ್ಲಾಟಿನಂ. ಯುದ್ಧಕಾಲದಲ್ಲಿ ಅದು ದುರ್ಲಭ. ಮಿಟ್ಟಾಶ್ ಅವರ ತಂಡದ ಬಳಿ ಉತ್ತರ ಸಿದ್ಧವಿತ್ತು: ಕಬ್ಬಿಣದ ಆಕ್ಸೈಡಿಗೆ ತುಸು ಬಿಸ್ಮತ್. ಮತ್ತೆ ಕಬ್ಬಿಣ, ಮತ್ತೆ ಒಂದು ಚಿಟಿಕೆ ಜೊತೆಗಾರ. ಜರ್ಮನಿ ಕೆಲವೇ ತಿಂಗಳಲ್ಲಿ ಸೋಲಬೇಕಿದ್ದ ಯುದ್ಧ ನಾಲ್ಕು ವರ್ಷ ಎಳೆಯಿತು ಎನ್ನುವವರಿದ್ದಾರೆ. ಎಳೆದದ್ದು ಈ ಕೊಳವೆಗಳೊಂದೇ ಅಲ್ಲ, ಆದರೆ ಈ ಕೊಳವೆಗಳಿಲ್ಲದೆ ಅಷ್ಟು ಎಳೆಯಲು ಸಾಧ್ಯವಿರಲಿಲ್ಲ. ಹೇಬರ್ ಅದೇ ಹೊತ್ತಿನಲ್ಲಿ ಕ್ಲೋರಿನ್ ಅನಿಲವನ್ನು ರಣರಂಗಕ್ಕೆ ಒಯ್ದರು. ಕವಾಟ ಮಾಡಿದ ಲ ರಾಸಿನ್ಯೋಲ್ ಶತ್ರುದೇಶದ ಪ್ರಜೆ ಎಂದು ಬರ್ಲಿನ್ನಿನ ಬಂದಿಶಿಬಿರ ಸೇರಿದರು.

ಸಂಶೋಧನೆಯ ಪ್ರಭಾವ ಎಂಬುದನ್ನು ಅಂಕಿಗಳಲ್ಲಿ ಅಳೆಯುವವರು ಒಮ್ಮೆ 1921ರ ಸೆಪ್ಟೆಂಬರ್ 21ರ ಬೆಳಗ್ಗೆ ಒಪ್ಪಾವ್‌ಗೆ ಬರಬೇಕು. ಗಂಟೆ ಏಳೂವರೆ. ಉಗ್ರಾಣವೊಂದರಲ್ಲಿ 4,500 ಟನ್ ಗೊಬ್ಬರ, ಅಮೋನಿಯಂ ಸಲ್ಫೇಟ್ ಮತ್ತು ನೈಟ್ರೇಟ್‌ಗಳ ಮಿಶ್ರಣ, ಕಲ್ಲಿನಂತೆ ಗಟ್ಟಿಯಾಗಿ ಕೂತಿದೆ. ಅದನ್ನು ಸಡಿಲಿಸಲು ಸಣ್ಣ ಸಿಡಿಮದ್ದು ಇಡುವುದು ಇಲ್ಲಿನ ರೂಢಿ. ಸಾವಿರಾರು ಸಲ ಇಟ್ಟಿದ್ದಾರೆ, ಏನೂ ಆಗಿಲ್ಲ. ಈ ಸಲ ಗೊಬ್ಬರವೇ ಸಿಡಿಯಿತು. ಐನೂರಕ್ಕೂ ಹೆಚ್ಚು ಜನ ಸತ್ತರು. ಹಳ್ಳಿಯ ಬಹುಪಾಲು ಮನೆಗಳು ನೆಲಕ್ಕೊರಗಿದವು. ಉಗ್ರಾಣ ಇದ್ದ ಜಾಗದಲ್ಲಿ ನೂರು ಮೀಟರಿಗೂ ಉದ್ದದ ಹೊಂಡ. ಸದ್ದು ಸುಮಾರು ಮುನ್ನೂರು ಕಿಲೊಮೀಟರ್ ಆಚೆಯ ಮ್ಯೂನಿಕ್‌ಗೂ ಕೇಳಿಸಿತು. ಈ ಸಾವುಗಳನ್ನು ಯಾವ ಖಾತೆಗೆ ಬರೆಯುವುದು? ವೇಗವರ್ಧಕದ ಖಾತೆಗೆ ಬರೆಯುವುದು ನ್ಯಾಯವಲ್ಲ. ಬರೆಯದೆ ಬಿಡುವುದೂ ಪೂರ್ತಿ ಪ್ರಾಮಾಣಿಕವಲ್ಲ.

ಪ್ರಶಸ್ತಿಗಳು ಬಂದವು. ಹೇಬರ್ ಅವರಿಗೆ 1918ರ ನೊಬೆಲ್, ಬಾಶ್ ಅವರಿಗೆ 1931ರದ್ದು. ಮಿಟ್ಟಾಶ್ 1932ರಲ್ಲಿ ನಿವೃತ್ತರಾದರು. ಅಷ್ಟರಲ್ಲಿ ಅವರ ತಂಡ ಮೆಥನಾಲ್ ತಯಾರಿಸುವ ವೇಗವರ್ಧಕವನ್ನೂ ಕೊಟ್ಟಾಗಿತ್ತು. 1923ರಿಂದ ಕಾರ್ಖಾನೆ ಅದನ್ನೇ ಬಳಸುತ್ತಿತ್ತು. ಹೊರಲೋಕದ ರಸಾಯನ ವಿಜ್ಞಾನಿಗಳಿಗೆ ಅವರ ಹೆಸರು ಗೊತ್ತಿತ್ತು, ಕೆಲಸದ ವಿವರ ಗೊತ್ತಿರಲಿಲ್ಲ. ಆ ದಾಖಲೆ ಪುಸ್ತಕಗಳು ಕಾರ್ಖಾನೆಯ ಗುಟ್ಟು. ಈಗಿನ ವಿಶ್ವವಿದ್ಯಾಲಯವೊಂದರ ಬಡ್ತಿ ಸಮಿತಿಯ ಮುಂದೆ 1912ರ ಮಿಟ್ಟಾಶ್ ಅವರನ್ನು ಕೂರಿಸಿ ನೋಡಿ. ಪ್ರಕಟವಾದ ಪ್ರಬಂಧಗಳು ಎಷ್ಟು? ಎಷ್ಟು ಜನ ಉಲ್ಲೇಖಿಸಿದ್ದಾರೆ? ಅಮೋನಿಯದ ಬಗ್ಗೆ ತೋರಿಸಲು ಅವರ ಕೈಯಲ್ಲಿ ಪೇಟೆಂಟು ಬಿಟ್ಟರೆ ಏನೂ ಇಲ್ಲ. ಸಮಿತಿ ಚಹಾ ಕುಡಿಸಿ ಕಳಿಸುತ್ತಿತ್ತು.

ನಿವೃತ್ತಿಯ ನಂತರ ಹೈಡೆಲ್‌ಬರ್ಗ್‌ನಲ್ಲಿ ಅವರು ನೀಚೆ, ಗಯಟೆಯಂಥವರ ಬಗ್ಗೆ, ಪ್ರಕೃತಿಯಲ್ಲಿ ಕಾರಣ-ಕಾರ್ಯಗಳ ಸಂಬಂಧದ ಬಗ್ಗೆ ಓದಿ ಬರೆಯುತ್ತ ಕುಳಿತರು. 1950ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಬಹುದ್ರವ್ಯ ವೇಗವರ್ಧಕಗಳ ಆರಂಭದ ಅಧ್ಯಯನಗಳ ಕುರಿತು ಅವರ ದೀರ್ಘ ಲೇಖನ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಆ ಮೊದಲ ಡಬ್ಬಿಗಳಿಂದ ನಲವತ್ತು ವರ್ಷ. ಮರುವರ್ಷ ಅಮೋನಿಯ ಸಂಶ್ಲೇಷಣೆಯ ಇತಿಹಾಸವನ್ನು ಪುಸ್ತಕವಾಗಿ ತಂದರು. 1953ರಲ್ಲಿ ತೀರಿಕೊಂಡರು.

ಅವರು ಉತ್ತರ ಕಂಡುಕೊಂಡಿದ್ದರು. ಅದು ಯಾಕೆ ಉತ್ತರ ಎಂಬುದು ಅವರಿಗೂ ಪೂರ್ತಿ ಗೊತ್ತಿರಲಿಲ್ಲ. ಅದಕ್ಕೆ ನೀವು ಎಪ್ಪತ್ತರ ದಶಕದ ಮ್ಯೂನಿಕ್‌ಗೆ ಬರಬೇಕು, ಗೆರ್ಹಾರ್ಡ್ ಎರ್ಟ್ಲ್ ಅವರ ಪ್ರಯೋಗಶಾಲೆಗೆ. ಇಲ್ಲಿ ಒತ್ತಡವಿಲ್ಲ, ಅದರ ಉಲ್ಟಾ. ಗಾಳಿಯನ್ನು ಹೀರಿ ಹೀರಿ ಹೆಚ್ಚುಕಮ್ಮಿ ಏನೂ ಉಳಿಯದ ಉಕ್ಕಿನ ಗುಂಡು ಪಾತ್ರೆ. ಒಳಗೆ ಕಬ್ಬಿಣದ ಒಂದೇ ಒಂದು ಹರಳು, ಬೇಕಾದ ಕೋನದಲ್ಲಿ ಕತ್ತರಿಸಿ ನುಣುಪು ಮಾಡಿದ್ದು. ಅದರ ಮೇಲೆ ಸಾರಜನಕದ ಅಣುಗಳನ್ನು ಬಿಟ್ಟು ಎಷ್ಟು ಅಂಟಿದವು, ಹೇಗೆ ಅಂಟಿದವು ಎಂದು ನೋಡುತ್ತಿದ್ದಾರೆ. ಅಂಟಲು ಬರುವ ಅಣುಗಳಲ್ಲಿ ಬಹುಪಾಲು ಹಾಗೆಯೇ ಹಾರಿಹೋಗುತ್ತವೆ. ಲಕ್ಷಾಂತರ ಅಣುಗಳಲ್ಲಿ ಒಂದೋ ಎರಡೋ ಎರಡಾಗಿ ಒಡೆದು ಕಬ್ಬಿಣಕ್ಕೆ ಕೂರುತ್ತವೆ. ಇಡೀ ಕ್ರಿಯೆಯಲ್ಲಿ ನಿಧಾನವಾದ ಹೆಜ್ಜೆ ಇದೇ. ಒಮ್ಮೆ ಒಡೆದ ಮೇಲೆ ಜಲಜನಕ ಒಂದೊಂದಾಗಿ ಬಂದು ಸೇರುವುದು ಸಲೀಸು.

ಹರಳಿನ ಮೇಲೆ ತುಸು ಪೊಟ್ಯಾಸಿಯಂ ಸವರಿದರೆ ಒಡೆಯುವ ವೇಗ ಜಿಗಿಯುತ್ತದೆ. ಪೊಟ್ಯಾಸಿಯಂ ತನ್ನ ಎಲೆಕ್ಟ್ರಾನನ್ನು ಕಬ್ಬಿಣಕ್ಕೆ ಬಿಟ್ಟುಕೊಡುತ್ತದೆ, ಕಬ್ಬಿಣ ಅದನ್ನು ಸಾರಜನಕದ ಕಡೆ ದಾಟಿಸಿ ಅದರ ಬಂಧವನ್ನು ಸಡಿಲಿಸುತ್ತದೆ. ಎರ್ಟ್ಲ್ ಅವರ ತಂಡ ಬಿಎಎಸ್‌ಎಫ್‌ನ ಕಾರ್ಖಾನೆಯ ವೇಗವರ್ಧಕವನ್ನೂ ಪರೀಕ್ಷಿಸಿತು. ಅದರ ಕಾಳಿನ ಒಡಲಲ್ಲಿ ಪೊಟ್ಯಾಸಿಯಂ ನೂರಕ್ಕೆ ಅರ್ಧ ಪಾಲೂ ಇಲ್ಲ. ಮೇಲ್ಮೈಯನ್ನು ಮಾತ್ರ ನೋಡಿದರೆ ಕಾಲು ಭಾಗಕ್ಕೂ ಹೆಚ್ಚು ಅದೇ. ಮಿಟ್ಟಾಶ್ ಬೆರೆಸಿದ ಚಿಟಿಕೆ ತಾನಾಗಿಯೇ ಎಲ್ಲಿ ಬೇಕೋ ಅಲ್ಲಿಗೆ ಹರಿದು ಹರಡಿಕೊಂಡಿತ್ತು. ಅಲ್ಯೂಮಿನಾದ ಕೆಲಸ ಬೇರೆ. ಕಬ್ಬಿಣದ ಸೂಕ್ಷ್ಮ ಕಣಗಳು ಐನೂರು ಡಿಗ್ರಿ ಶಾಖಕ್ಕೆ, ಬಿಸಿಲಿಗಿಟ್ಟ ಬೆಲ್ಲದ ಪುಡಿಯ ಹಾಗೆ, ಒಂದಕ್ಕೊಂದು ಅಂಟಿ ಗಡ್ಡೆಯಾಗಲು ನೋಡುತ್ತವೆ. ಅಲ್ಯೂಮಿನಾ ನಡುವೆ ನಿಂತು ಅಂಟಲು ಬಿಡುವುದಿಲ್ಲ. ಆದ್ದರಿಂದಲೇ ಒಂದು ಗ್ರಾಂ ಕಾಳಿನೊಳಗೆ ಹತ್ತಾರು ಚದರ ಮೀಟರ್ ಮೇಲ್ಮೈ ವರ್ಷಗಟ್ಟಲೆ ಉಳಿಯುತ್ತದೆ. 2007ರಲ್ಲಿ ಎರ್ಟ್ಲ್ ಅವರಿಗೆ ನೊಬೆಲ್ ಬಂತು. ಅವರು ಆಗ ಬರ್ಲಿನ್ನಿನಲ್ಲಿ, ಫ್ರಿಟ್ಸ್ ಹೇಬರ್ ಹೆಸರಿನ ಸಂಸ್ಥೆಯಲ್ಲಿದ್ದರು. ಒಂದೇ ಕ್ರಿಯೆಗೆ ಮೂರು ನೊಬೆಲ್. ಡಬ್ಬಿಗಳ ಸಾಲಿಗೆ ಒಂದೂ ಇಲ್ಲ.

ಈಗ ಊರ ಕಡೆ ಬನ್ನಿ. ಮೈಸೂರಿನ ಬಳಿಯ ಬೆಳಗೊಳ. 1940ರ ದಶಕದ ಆರಂಭದಲ್ಲಿ ಇಲ್ಲಿ ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಅಮೋನಿಯ ತಯಾರಿಸುತ್ತಿತ್ತು. ದೇಶದಲ್ಲಿ ಅಮೋನಿಯವನ್ನು ಸಂಶ್ಲೇಷಿಸಿದ ಮೊದಲ ಕಾರ್ಖಾನೆಗಳಲ್ಲಿ ಅದೂ ಒಂದು. ಸಿಂದ್ರಿ ಗೊಬ್ಬರ ಕಾರ್ಖಾನೆಯ ಹೆಸರು ಎಲ್ಲರಿಗೂ ಗೊತ್ತು, ಬೆಳಗೊಳದ್ದು ಮೈಸೂರಿನವರಿಗೂ ಮರೆತುಹೋಗಿದೆ. ಅಲ್ಲಿಂದ ಘಟ್ಟ ಇಳಿದರೆ ಮಂಗಳೂರಿನ ಪಣಂಬೂರು. ಬಂದರಿನ ಪಕ್ಕದಲ್ಲೇ ಎಂಸಿಎಫ್, 1976ರಿಂದ ಯೂರಿಯಾ ಮಾಡುತ್ತಿರುವ ಕಾರ್ಖಾನೆ. ಮೊದಲು ಇದರ ಕಚ್ಚಾವಸ್ತು ನಾಫ್ತಾ. ಕೊಚ್ಚಿಯಿಂದ ಮಂಗಳೂರಿಗೆ ಕೊಳವೆ ಮಾರ್ಗ ಬಂದ ಮೇಲೆ ನೈಸರ್ಗಿಕ ಅನಿಲ. ಅಗೆದು ತೆಗೆದ ಇಂಧನದಿಂದಲೇ ಜಲಜನಕ ತೆಗೆಯಬೇಕಾದ್ದರಿಂದ ಲೋಕದ ಒಟ್ಟು ಇಂಗಾಲದ ಹೊಗೆಯಲ್ಲಿ ನೂರಕ್ಕೆ ಒಂದು ಪಾಲಿಗೂ ಮಿಕ್ಕಿ ಅಮೋನಿಯ ಕಾರ್ಖಾನೆಗಳದ್ದೇ.

ಸೊಸೈಟಿಯ ಮುಂದೆ ಮುಂಗಾರಿನಲ್ಲಿ ರೈತರು ಸಾಲು ನಿಲ್ಲುವುದು ಈ ಕಾರ್ಖಾನೆಗಳ ಮಾಲಿಗಾಗಿ. 45 ಕಿಲೊ ಯೂರಿಯಾ ಚೀಲವೊಂದಕ್ಕೆ ಸುಮಾರು 26 ಕಿಲೊ ಅಮೋನಿಯ ಬೇಕು. ಹೇಬರ್ ಅವರ ಯಂತ್ರ ಅದೇ ವೇಗದಲ್ಲಿ ಅಷ್ಟನ್ನು ಕೊಡಬೇಕೆಂದರೆ ಹಗಲಿರುಳು ಎರಡು ವಾರ ಓಡಬೇಕು. ಇಂದು ಲೋಕದ ಕಾರ್ಖಾನೆಗಳು ವರ್ಷಕ್ಕೆ 18 ಕೋಟಿ ಟನ್ನಿನಷ್ಟು ಅಮೋನಿಯ ಮಾಡುತ್ತವೆ. ಅದಿಲ್ಲದಿದ್ದರೆ ಈಗಿನ ಜನಸಂಖ್ಯೆಯಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಅನ್ನ ಹುಟ್ಟುತ್ತಿರಲಿಲ್ಲ ಎಂಬುದು ಬಲ್ಲವರ ಅಂದಾಜು. ಹೊಲಕ್ಕೆ ಸುರಿದದ್ದರಲ್ಲಿ ದೊಡ್ಡ ಪಾಲು ಬೆಳೆಗೆ ದಕ್ಕದೆ ಕೆರೆಗೂ ಬಾವಿಗೂ ಇಳಿಯುತ್ತದೆ ಎಂಬುದೂ ಅಷ್ಟೇ ನಿಜ. ಮಂಡ್ಯದ ಗದ್ದೆಯ ಬದುವಿನಲ್ಲಿ ನಿಂತು ಕೇಳಿದರೆ ಇದು ಯಾರಿಗೂ ಹೊಸ ಸುದ್ದಿಯಲ್ಲ. ಯೂರಿಯಾ ಹಾಕಿದ ಪೈರು ಎರಡು ದಿನದಲ್ಲಿ ಕಪ್ಪಗಾಗುತ್ತದೆ. ಆ ಹಸಿರು ಕಣ್ಣೆದುರು ಇರುವಾಗ ಒಂದು ಚೀಲ ಕಡಿಮೆ ಹಾಕಿ ಎಂದರೆ ಯಾರು ಕೇಳುತ್ತಾರೆ?

ಇಂಥ ಕಾರ್ಖಾನೆಯಲ್ಲಿ ಅಮೋನಿಯದ ಗೋಪುರವನ್ನು ತೆರೆಯುವುದು ಬಹಳ ಅಪರೂಪ. ಹಳೆಯ ವೇಗವರ್ಧಕ ಸುಸ್ತಾಗಿ ಹೊಸದು ತುಂಬುವ ದಿನ ನೀವು ಅಲ್ಲಿದ್ದರೆ ಡ್ರಮ್ಮುಗಳಿಂದ ಸುರಿಯುವ ಕಪ್ಪು ಕಾಳುಗಳನ್ನು ನೋಡಬಹುದು. ಬೆರಳಲ್ಲಿ ಹಿಡಿದರೆ ಗಟ್ಟಿ ಕಲ್ಲು. ಕರಗಿಸಿ ಪುಡಿ ಮಾಡಿದ ಮ್ಯಾಗ್ನೆಟೈಟ್, ಅದರಲ್ಲಿ ತುಸು ಅಲ್ಯೂಮಿನಾ, ತುಸು ಪೊಟ್ಯಾಷ್, ತುಸು ಸುಣ್ಣ. ಕೆನಡಾದ ಕಿಟಿಮಾಟ್‌ನಲ್ಲಿ 1992ರಲ್ಲಿ ರುಥೇನಿಯಂ ಬಳಸುವ ಕಾರ್ಖಾನೆ ಬಂತು, ಆ ಲೋಹ ಕಡಿಮೆ ಒತ್ತಡದಲ್ಲೂ ಚುರುಕು. ಆದರೆ ರುಥೇನಿಯಂ ದುಬಾರಿ. ಲೋಕದ ಬಹುಪಾಲು ಗೋಪುರಗಳಲ್ಲಿ ಈಗಲೂ ಇರುವುದು 1910ರ ಆ ಕೂಟವೇ.

ತುಂಬಿದ ಮೇಲೂ ಅದು ಕೆಲಸಕ್ಕೆ ಸಿದ್ಧವಲ್ಲ. ಅದಿನ್ನೂ ಆಕ್ಸೈಡು. ಜಲಜನಕವಿರುವ ಅನಿಲವನ್ನು ಬಿಟ್ಟು, ಶಾಖವನ್ನು ಗಂಟೆಗೆ ಕೆಲವೇ ಡಿಗ್ರಿಯಂತೆ ಏರಿಸುತ್ತ, ದಿನಗಟ್ಟಲೆ ಅದರ ಆಮ್ಲಜನಕವನ್ನು ಕಳಚಬೇಕು. ಕಳಚಿದ ಆಮ್ಲಜನಕ ನೀರಾಗಿ ಹೊರಬರುತ್ತದೆ. ಕಂಟ್ರೋಲ್ ರೂಮಿನಲ್ಲಿ ಪಾಳಿಯವರು ಆ ನೀರನ್ನೇ ಅಳೆಯುತ್ತ ಕೂರುತ್ತಾರೆ. ಅವಸರ ಮಾಡಿದರೆ ನೀರಾವಿ ಹೆಚ್ಚಾಗಿ ಹೊಸ ಕಬ್ಬಿಣದ ಕಣಗಳು ಒರಟಾಗುತ್ತವೆ, ಅಷ್ಟೂ ಮಾಲು ಮೊದಲ ವಾರದಲ್ಲೇ ಅರ್ಧ ಮುದಿಯಾಗುತ್ತದೆ. ನೀರು ಬರುವುದು ನಿಂತಿತೆಂದು ಖಾತ್ರಿಯಾದ ಮೇಲೆ ಒತ್ತಡ ಏರಿಸಿ, ಪೂರ್ಣ ಪ್ರಮಾಣದ ಅನಿಲ ಬಿಟ್ಟು, ಗೋಪುರವನ್ನು ಉತ್ಪಾದನೆಯ ಪಾಳಿಗೆ ಒಪ್ಪಿಸುತ್ತಾರೆ. ಗಂಧಕ ಒಳಗೆ ಹೋಗದಂತೆ ನೋಡಿಕೊಂಡರೆ ಇನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದರ ಮುಚ್ಚಳ ಬಿಚ್ಚುವ ಪ್ರಮೇಯ ಬರುವುದಿಲ್ಲ.